ದುಡ್ಡು ಕಟ್ಟಿದ ಮೇಲಿನ ಪುಟ

ನೂಲಿಗೆ ಹಾಕಲು ಕುದಿಸಿದ ಗಂಜಿಯ ವಾಸನೆ ದಾನಮ್ಮನವರ ಮೂಗಿನಲ್ಲಿ ಇನ್ನೂ ಉಳಿದಿದೆ. ಗುಳೇದಗುಡ್ಡದ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ತಾಯಿ ಶಿವವ್ವ ಒಲೆ ಹಚ್ಚಿ ಅದನ್ನು ತಿರುವುತ್ತಿದ್ದರು. ತುಸು ಹುಳಿ, ತಳದಲ್ಲಿ ತುಸು ಸೀದದ್ದು. ಬೆಳಗಿನ ಕೆಲಸ ಎಂದರೆ ಅದೇ ವಾಸನೆ ಎಂದುಕೊಂಡು ಬೆಳೆದವರು ಈಗ ಬೆಳಿಗ್ಗೆ ಆರಕ್ಕೆ ತ್ಯಾಗರಾಜನಗರದಲ್ಲಿ ಪೂಜೆಯ ಸಾಮಾನು ಮಾರುವ ಒಂದು ಗ್ರಂಧಿಗೆ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕೆಳಗಿನಿಂದ ಕರ್ಪೂರ, ಅರಿಶಿನಗಳ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿದೆ. ಇದು 2008ರ ಸೆಪ್ಟೆಂಬರ್. ಮಹಾಲಯ ಅಮಾವಾಸ್ಯೆಗೆ ಇನ್ನು ಮೂರು ದಿನ.

ಅಂಗಡಿ ಚಕ್ರಪಾಣಿಯವರದು, ಅವರ ತಂದೆಯ ಕಾಲದ್ದು. ಎರಡು ವರ್ಷದ ಹಿಂದೆ ಅದು ಇಂಟರ್‌ನೆಟ್ಟಿಗೂ ಬಂತು. ಜನ ಮನೆಯಲ್ಲೇ ಕೂತು ಸಾಮಾನು ಆರಿಸುತ್ತಾರೆ, ಅಲ್ಲೇ ದುಡ್ಡು ಕಟ್ಟುತ್ತಾರೆ. ಕಟ್ಟಿದ ಕೂಡಲೇ ಕೊನೆಯದಾಗಿ ಒಂದು ಪುಟ ತೆರೆದುಕೊಳ್ಳುತ್ತದಲ್ಲ, ಬಹಳ ಮಂದಿ ಓದದೆ ಮುಚ್ಚಿಬಿಡುವ ಪುಟ, ಅದನ್ನು ಬರೆದು ನೋಡಿಕೊಳ್ಳುವುದು ದಾನಮ್ಮನವರ ಕೆಲಸ. ಸಾಮಾನಿನ ವರ್ಗಕ್ಕೆ ಒಂದರಂತೆ ಈಗ ಹನ್ನೊಂದು ಪುಟಗಳಿವೆ. ಹಿತ್ತಾಳೆ ದೀಪ ಕೊಂಡವರಿಗೆ, ಹುಣಸೆಹಣ್ಣಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ ಎಂಬ ಮಾತು. ಗೊಂಬೆ ಕೊಂಡವರಿಗೆ, ಪೆಟ್ಟಿಗೆ ಎಸೆಯಬೇಡಿ, ಬರುವ ವರ್ಷಕ್ಕೆ ಬೇಕಾಗುತ್ತದೆ ಎಂಬ ನೆನಪು. ದಿನಕ್ಕೆ ತೊಂಬತ್ತು ಆರ್ಡರು ಬರುತ್ತವೆ. ಪಕ್ಷಮಾಸದಲ್ಲಿ ಇನ್ನೂರು ದಾಟುತ್ತದೆ.

"ನಮ್ಮವ್ವ ಖಣ ಮಾರೂ ಮುಂದ ಎಲ್ಲಾರಿಗೂ ಒಂದ ಮಾತು ಹೇಳ್ತಿರಲಿಲ್ರಿ," ಎನ್ನುತ್ತಾರೆ ದಾನಮ್ಮ. "ಬಾಣಂತಿಗೆ ಒಂದು, ಮದಲಗಿತ್ತಿಗೆ ಒಂದು. ಸಾಮಾನು ಕೈಯಾಗ ಕೊಟ್ಟ ಮ್ಯಾಲೆ ಹೇಳೂ ಮಾತು ಅದು. ಅದಕ್ಕ ರೊಕ್ಕ ಇರಲಿಲ್ಲ."

ಬಿ.ಎ. ಓದಿ, ಮದುವೆಯಾಗಿ ಬಿಟಿಎಂ ಲೇಔಟಿನ ಒಂದು ಕೋಣೆಯ ಬಾಡಿಗೆ ಮನೆಗೆ ಬಂದವರು ಅವರು. ಗಂಡ ಚನ್ನವೀರ ರಾತ್ರಿಪಾಳಿಯ ಸೆಕ್ಯುರಿಟಿ ಕೆಲಸದಲ್ಲಿದ್ದಾರೆ. ಹೆಂಡತಿ ಬೇಗ ಹೊರಡುವ ದಿನಗಳಲ್ಲಿ ಅವರು ಪಾಳಿ ಮುಗಿಸಿ ನೇರ ಬಸ್‌ಸ್ಟಾಪಿಗೆ ಬಂದು, ಬಸ್ಸು ಹತ್ತಿಸಿಯೇ ಮಲಗಲು ಹೋಗುತ್ತಾರೆ. ಅಂಗಡಿಯಲ್ಲಿ ದಾನಮ್ಮನವರಿಗೆ ಮೊದಲು ಸಿಕ್ಕಿದ್ದು ಫೋನ್ ಎತ್ತುವ ಕೆಲಸ. ಕಳೆದ ನವೆಂಬರಿನಲ್ಲಿ ಬಂದ ಒಂದು ಫೋನು ಅವರನ್ನು ಈ ಕೊನೆಯ ಪುಟಕ್ಕೆ ಕರೆತಂದಿತು.

ಆ ಕಡೆ ಇದ್ದವರು ಜಯನಗರದ ಸರಸ್ವತಿ, ನಿವೃತ್ತ ಟೀಚರು. ಯಜಮಾನರು ತೀರಿಕೊಂಡಿದ್ದರು. ಹದಿಮೂರನೆಯ ದಿನದ ಕರ್ಮಕ್ಕೆ ಸಾಮಾನು ತರಿಸಿ ದುಡ್ಡು ಕಟ್ಟಿದರೆ, ಹೂಮಾಲೆಯ ಚಿತ್ರದ ಕೆಳಗೆ 'ಅಭಿನಂದನೆಗಳು, ಮತ್ತೆ ಬನ್ನಿ' ಎಂದು ಬಂದಿತ್ತು. ಆಗ ಎಲ್ಲ ಸಾಮಾನಿಗೂ ಅದೊಂದೇ ಪುಟ. ಸಾವಿನ ಮನೆಯಿಂದ ಹೊರಡುವವರು 'ಹೋಗಿ ಬರ್ತೀನಿ' ಎನ್ನುವುದಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಚಕ್ರಪಾಣಿಯವರೂ ಆ ಸಾಮಾನನ್ನು ಕಟ್ಟಿ ಸುಮ್ಮನೆ ಕೈಗಿಡುತ್ತಾರೆಯೇ ಹೊರತು 'ಬನ್ನಿ' ಎನ್ನುವುದಿಲ್ಲ. ಕಂಪ್ಯೂಟರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಬೈಯೋಕೆ ಫೋನ್ ಮಾಡ್ಲಿಲ್ಲಮ್ಮ," ಎಂದಿದ್ದರು ಸರಸ್ವತಿ. "ನಾನು ತಡ್ಕೊಂಡೆ. ಇನ್ನೊಬ್ರಿಗೆ ಹೀಗಾಗೋದು ಬೇಡ ಅಂತ ಹೇಳ್ದೆ ಅಷ್ಟೆ."

ಬೈದಿದ್ದರೆ ಮರೆತುಬಿಡುತ್ತಿದ್ದೆ ಎನ್ನುತ್ತಾರೆ ದಾನಮ್ಮ. ಅಂದೇ ಚಕ್ರಪಾಣಿಯವರ ಮುಂದೆ ಹೋಗಿ, ಆ ಪುಟ ಬದಲಿಸಬೇಕು ಎಂದು ನಿಂತರು.

"ದುಡ್ಡು ಕಟ್ಟಿದ್ಮೇಲೆ ಯಾರಮ್ಮ ಓದ್ತಾರೆ ಅದನ್ನ?"

"ಆ ಅಮ್ಮಾರು ಓದ್ಯಾರಲ್ರಿ."

ಚಕ್ರಪಾಣಿ ಒಪ್ಪಿದರು. ಆನ್‌ಲೈನ್ ಅಂಗಡಿಯನ್ನು ಕಟ್ಟಿಕೊಟ್ಟ ಎಂಜಿನಿಯರು ಸುಶ್ರುತ ನಾಲ್ಕು ಶನಿವಾರ ಬಂದು ದಾನಮ್ಮನವರಿಗೆ ಕೆಲಸ ಕಲಿಸಿದರು. ಪ್ರತಿ ಸಾಮಾನನ್ನೂ ಒಂದು ವರ್ಗಕ್ಕೆ ಸೇರಿಸಬೇಕು, ಆ ವರ್ಗಕ್ಕೊಂದು ಪುಟ ಜೋಡಿಸಬೇಕು. ಹಂತಗಳನ್ನೆಲ್ಲ ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದುಕೊಟ್ಟು ಹೋದರು. ಆ ಪತ್ರಿಕೆ ಈಗಲೂ ಕಂಪ್ಯೂಟರಿನ ಪಕ್ಕದ ಗೋಡೆಯ ಮೇಲಿದೆ.

ಅಪರಕರ್ಮದ, ಅಂದರೆ ತೀರಿಕೊಂಡವರ ಕ್ರಿಯೆಯ ಸಾಮಾನಿನ, ಪುಟ ಹೀಗಾಯಿತು: ಚಿತ್ರವಿಲ್ಲ. ಇದರ ಜೊತೆಗೆ ಅದನ್ನೂ ಕೊಳ್ಳಿ ಎಂಬ ಆಸೆ ತೋರಿಸುವುದಿಲ್ಲ. ಸಾಮಾನು ಯಾವ ಹೊತ್ತಿಗೆ ಬರುತ್ತದೆ, ಏನೇನು ಇದೆ, ಏನಾದರೂ ಬಿಟ್ಟುಹೋಗಿದ್ದರೆ ಯಾವ ನಂಬರಿಗೆ ಹೇಳಬೇಕು. ಕೊನೆಗೆ ಒಂದು ಸಾಲು: 'ನಿಮ್ಮ ಮನೆಯವರೆಲ್ಲರಿಗೂ ಧೈರ್ಯ ಸಿಗಲಿ.'

ಎಡವಿದ್ದು ಸಂಕ್ರಾಂತಿಯಲ್ಲಿ. ತರ್ಪಣದ ಕರಿ ಎಳ್ಳನ್ನು ಅಪರದ ವರ್ಗಕ್ಕೆ ಸೇರಿಸುವಾಗ ದಾನಮ್ಮ ಬಿಳಿ ಎಳ್ಳನ್ನೂ ಅದರ ಜೊತೆಗೇ ಸೇರಿಸಿಬಿಟ್ಟಿದ್ದರು. ಎಳ್ಳು ಬೀರಲು ಸಡಗರದಿಂದ ಎಳ್ಳು ತರಿಸಿದ ಅರವತ್ಮೂರು ಮನೆಗಳಿಗೆ ಧೈರ್ಯ ಸಿಗಲಿ ಎಂಬ ಹಾರೈಕೆ ಹೋಯಿತು. ಫೋನು ಒಂದೇ ಸಮನೆ ಬಡಿದುಕೊಂಡಿತು. ದಾನಮ್ಮ ಎರಡು ದಿನ ಕೂತು ಅರವತ್ಮೂರು ಮನೆಗೂ ತಾವೇ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಬನಶಂಕರಿಯ ಒಬ್ಬ ತಾತ ನಕ್ಕು, "ಈ ಬೆಲೆಯೇರಿಕೇಲಿ ಹಬ್ಬ ಮಾಡೋಕೆ ಧೈರ್ಯ ಬೇಕೇ ಬೇಕು ಕಣಮ್ಮ, ಎಳ್ಳು ತಗೊಳ್ಳೋಕೆ ನೀನೂ ಬಾ," ಎಂದರಂತೆ. ಹೇಳುವಾಗ ದಾನಮ್ಮನವರ ಕಣ್ಣು ತುಂಬುತ್ತದೆ.

ಚಕ್ರಪಾಣಿಯವರಿಗೆ ನಗು ಬರಲಿಲ್ಲ. "ನೋಡಮ್ಮ, ಪಕ್ಷಮಾಸ ಮುಗಿಯೋವರೆಗೂ ನೋಡ್ತೀನಿ. ಇನ್ನೊಂದು ತಪ್ಪಾದ್ರೆ ನಿನ್ನ ಹನ್ನೊಂದೂ ತೆಗೆಸಿ ಹಳೇ ಪುಟಾನೇ ಹಾಕ್ತೀನಿ," ಎಂದರು. ಹಳೆಯ ಪುಟ ಎಂದರೆ ಹೂಮಾಲೆ, ಅಭಿನಂದನೆ, ಮತ್ತೆ ಬನ್ನಿ.

ಅದಕ್ಕೇ ಈ ಪಕ್ಷ ಶುರುವಾದಾಗಿನಿಂದ ದಾನಮ್ಮ ಆರಕ್ಕೆ ಬಂದು, ತಾವೇ ಗಿರಾಕಿಯ ಹಾಗೆ ಪ್ರತಿ ವರ್ಗದಲ್ಲೂ ಒಂದೊಂದು ಸಾಮಾನು ಆರಿಸಿ, ದುಡ್ಡು ಕಟ್ಟಬೇಕಿಲ್ಲದ ಪರೀಕ್ಷೆಯ ಆರ್ಡರು ಹಾಕಿ, ಕೊನೆಯ ಪುಟ ಸರಿಯಾಗಿ ಬರುತ್ತದೆಯೇ ಎಂದು ನೋಡುತ್ತಾರೆ. ಇವತ್ತು ಅವರಿಗೆ ಹೊಸದೊಂದು ಹೊಳೆದಿದೆ. ಅಮಾವಾಸ್ಯೆಯ ಮರುದಿನವೇ ನವರಾತ್ರಿ. ಒಂದೇ ಮನೆಯವರು ಪಕ್ಷದ ದರ್ಭೆಯನ್ನೂ ದಸರಾ ಗೊಂಬೆಯನ್ನೂ ಒಟ್ಟಿಗೆ ತರಿಸಿದರೆ? ಎರಡನ್ನೂ ಆರಿಸಿ ನೋಡುತ್ತಾರೆ. ಬಣ್ಣಬಣ್ಣದ ಗೊಂಬೆಗಳ ಪುಟ ತೆರೆದುಕೊಳ್ಳುತ್ತದೆ.

ಗೊಂಬೆಗಳನ್ನು ಮಾರಾಟಕ್ಕೆ ಬಿಟ್ಟದ್ದು ನಿನ್ನೆ ಸಂಜೆ. ಅಲ್ಲಿಂದೀಚೆಗೆ ಬಂದ ಆರ್ಡರುಗಳನ್ನು ಒಂದೊಂದಾಗಿ ನೋಡುತ್ತಾರೆ. ಎರಡನ್ನೂ ಸೇರಿಸಿ ತರಿಸಿದವರು ಸದ್ಯ ಒಬ್ಬರೂ ಇಲ್ಲ. ಸುಶ್ರುತರಿಗೆ ಫೋನ್ ಹೋಗುತ್ತದೆ.

"ಎಬ್ಬಿಸಿದೆ ಅಲ್ರಿ, ತಪ್ಪಾತು."

"ಇಲ್ಲ ಅಕ್ಕ, ಎಬ್ಬಿಸ್ತಾ ಇದೀರಾ, ಇನ್ನೂ ಎದ್ದಿಲ್ಲ. ಹೇಳಿ." ಕೇಳಿಸಿಕೊಂಡು ಸುಶ್ರುತ ಎನ್ನುತ್ತಾರೆ, "ವರ್ಗಗಳ ಪಟ್ಟಿ ಇದೆಯಲ್ಲ, ಅದ್ರಲ್ಲಿ ಮೇಲಿರೋದೇ ಗೆಲ್ಲೋದು. ನೀವು ಗೊಂಬೇನ ಮೇಲೆ ಹಾಕಿದೀರ. ಅಪರಾನ ಎಲ್ಲಕ್ಕಿಂತ ಮೇಲಕ್ಕೆ ತಗೊಂಡೋಗಿ."

ಏಳಕ್ಕೆ ಸರಿಹೋಗುತ್ತದೆ. ದುಃಖದ ಸಾಮಾನು ಒಂದೇ ಇದ್ದರೂ ಸರಿ, ಇನ್ನು ಶಾಂತವಾದ ಪುಟವೇ ಬರುತ್ತದೆ. "ಗೊಂಬಿ ಸಂಭ್ರಮ ಒಂದು ದಿನ ತಡಾ ಆದ್ರ ಯಾರಿಗೂ ನೋವಾಗೂದಿಲ್ರಿ," ಎನ್ನುತ್ತಾರೆ ದಾನಮ್ಮ.

ಒಂಬತ್ತಕ್ಕೆ ಆರ್ಡರುಗಳ ಪಟ್ಟಿ ತೆಗೆದವರು ಒಂದು ಹೆಸರಿನ ಮುಂದೆ ನಿಲ್ಲುತ್ತಾರೆ. ಏಳು ಇಪ್ಪತ್ತಕ್ಕೆ ಬಂದ ಆರ್ಡರು. ದರ್ಭೆ, ಕರಿ ಎಳ್ಳು, ಒಂದು ಜೊತೆ ಪಟ್ಟದ ಗೊಂಬೆ. ಹೆಸರು ಚಕ್ರಪಾಣಿ. ತಂದೆಯ ಪಕ್ಷಕ್ಕೂ ಮೊಮ್ಮಗಳ ಗೊಂಬೆಗೂ ಒಟ್ಟಿಗೆ, ತಮ್ಮ ಅಂಗಡಿಯಿಂದಲೇ, ಗಿರಾಕಿಯ ಹಾಗೆ ದುಡ್ಡು ಕಟ್ಟಿ ತರಿಸಿದ್ದಾರೆ. ಅರ್ಧ ಗಂಟೆ ಮೊದಲು ತರಿಸಿದ್ದರೆ? ದಾನಮ್ಮ ನೀರು ಕುಡಿಯುತ್ತಾರೆ.

ಹನ್ನೊಂದಕ್ಕೆ ಚಕ್ರಪಾಣಿ ಮೆಟ್ಟಿಲು ಹತ್ತಿ ಬರುತ್ತಾರೆ. ಆರ್ಡರಿನ ಸುದ್ದಿ ಎತ್ತುವುದಿಲ್ಲ. ಬಾಗಿಲಲ್ಲೇ ನಿಂತು ಕನ್ನಡಕ ಒರೆಸಿಕೊಳ್ಳುತ್ತಾರೆ.

"ಆ ಪುಟದಲ್ಲಿ ಫೋನ್ ನಂಬರು ಇನ್ನೂ ಸ್ವಲ್ಪ ದಪ್ಪಕ್ಷರದಲ್ಲಿ ಹಾಕಮ್ಮ. ನಮ್ಮಂಥ ವಯಸ್ಸಾದವ್ರು ನೋಡೋದು."

"ಹಾಕ್ತೀನ್ರಿ. ಹಂಗಾರ ಪುಟ ಇರತೈತೇನ್ರಿ?"

"ಇಲ್ದೇ ಇರೋದಕ್ಕೆ ನಂಬರು ಯಾಕೆ ದಪ್ಪ ಮಾಡಿಸ್ಲಿ?"

ಅವರು ಕೆಳಗಿಳಿದು ಹೋಗುತ್ತಾರೆ. ದಾನಮ್ಮನವರಿಗೆ ಬೇರೆ ಆಸೆಯೇನೂ ಇಲ್ಲ. "ನನ್ನ ಹೆಸರು ಎಲ್ಲೂ ಬರೂದು ಬ್ಯಾಡ್ರಿ. ಓದಿದವರಿಗೆ, ಯಾರೋ ಮನಿ ಮಂದಿ ಬರದಾರ ಅನ್ನಿಸಿದ್ರ ಸಾಕು," ಎಂದು ಮತ್ತೆ ಕೀಲಿಮಣೆಗೆ ಕೈಯಿಡುತ್ತಾರೆ.

ಮಧ್ಯಾಹ್ನ ಎರಡಾದರೂ ಅವರು ಎದ್ದಿಲ್ಲ. ಮನೆಗೆ ಹೋಗಿ ಬಂದ ಚಕ್ರಪಾಣಿ ಮೇಲೆ ಬಂದು, ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಮೂರು ಡಬ್ಬಿಯ ಕ್ಯಾರಿಯರನ್ನು ಮೇಜಿನ ಮೇಲಿಡುತ್ತಾರೆ. ಬಿಸಿ ಅನ್ನ, ಕುಂಬಳಕಾಯಿ ಹುಳಿ, ಕೋಸಂಬರಿ. ಒಂದು ಚಮಚವನ್ನೂ ಒರೆಸಿ ಪಕ್ಕದಲ್ಲಿಟ್ಟು, ಸದ್ದಾಗದಂತೆ ಮೆಟ್ಟಿಲಿಳಿಯುತ್ತಾರೆ.