ಸಿಪ್ಪೆಯಕ್ಕನ ಹಸುಗಳೂ ಮೈದುನನ ಸೌತೆಕಾಯಿಯೂ

ಕೋಸಿನ ಹೊರ ಎಲೆ, ಜ್ಯೂಸ್ ಅಂಗಡಿಯ ಕಲ್ಲಂಗಡಿ ಸಿಪ್ಪೆ, ಗಿರಣಿಯವನು ಗುಡಿಸಿಟ್ಟ ತೌಡು, ಪೇಟೆಬೀದಿಯಲ್ಲಿ ಮಿಕ್ಕಿದ್ದೆಲ್ಲ ಸಿಪ್ಪೆಯಕ್ಕನ ತಳ್ಳುಗಾಡಿಗೇ ಮೀಸಲು. ಕೊಳೆತದ್ದನ್ನು ಯಾರಾದರೂ ಅಡಿಯಲ್ಲಿ ತೂರಿಸಿದರೆ ಮೂಸಿಯೇ ಹಿಡಿದು, ನೀನು ತಿಂತೀಯಾ ಎಂದು ಕೇಳುತ್ತಿದ್ದಳು. ಬಿಟ್ಟಿ ಮಾಲಿಗೂ ಇಷ್ಟು ಚೌಕಾಸಿಯೇ ಎಂದು ಗೊಣಗುವ ಜ್ಯೂಸಿನವನು ಮರುದಿನ ಸಿಪ್ಪೆಯನ್ನು ತೊಳೆದಿಡುತ್ತಿದ್ದ.

ಆ ಸಿಪ್ಪೆ ಅವಳ ಮೂರು ಹಸುಗಳ ಹೊಟ್ಟೆಗೆ, ಹಸುಗಳ ಸಗಣಿ ಕೊಟ್ಟಿಗೆಯ ಹಿಂದಿನ ತುಂಡು ಜಮೀನಿಗೆ, ಜಮೀನಿನ ಸೌತೆ, ಸೋರೆ, ಕೋಸು ಮತ್ತೆ ಅದೇ ಅಂಗಡಿಗಳಿಗೆ. ಹುಲ್ಲೇನಿದ್ದರೂ ಬದುವಿನ ಮೇಲೆ ತಾನಾಗಿ ಬೆಳೆದಷ್ಟೇ. ಮನುಷ್ಯರ ಊಟ ಬೆಳೆಯುವ ನೆಲದಲ್ಲಿ ದನದ ಊಟ ಬೆಳೆಯಕೂಡದು, ಗಾಡಿ ಎಷ್ಟು ಹೊಟ್ಟೆ ತುಂಬಿಸುತ್ತದೋ ಅಷ್ಟೇ ಹಸು. ಇದು ಅವಳ ಕಾನೂನು. ಗಂಡ ಮದುವೆಯ ಹೊಸದರಲ್ಲೇ ಒಪ್ಪಿಬಿಟ್ಟು ಸುಖವಾಗಿದ್ದ.

ಒಪ್ಪದವನು ಮೈದುನ. ಟೈರ್ ಅಂಗಡಿಯ ಈ ಆಸಾಮಿಗೆ ಆ ಜಮೀನಿನಲ್ಲಿ ಅರ್ಧ ಪಾಲು. ತರಕಾರಿ ಕಿತ್ತು ಮೇವಿನ ಹುಲ್ಲು ಹಾಕಬೇಕು, ಇನ್ನೆರಡು ಹಸು ಕಟ್ಟಬೇಕು, ಹಾಲಿನ ಹೊಳೆ ಹರಿಸಬೇಕು ಎಂದು ಸಿಕ್ಕಾಗಲೆಲ್ಲ ರಾಗ ತೆಗೆಯುತ್ತಿದ್ದವನು ಒಂದು ದಿನ ಉಳುವುದಕ್ಕೆ ಟ್ರ್ಯಾಕ್ಟರಿನವನಿಗೂ ಹೇಳಿಬಂದ. ಅಕ್ಕನಿಗೆ ಒಳಗೇ ಭಯವಾಯಿತು. ಆದರೆ ಮುಖದಲ್ಲಿ ತೋರಗೊಡಲಿಲ್ಲ.

"ಹುಲ್ಲು ಎದ್ದು ನಿಲ್ಲೋ ತನಕ ಹಸುಗಳಿಗೆ ಗಾಳಿ ಹೊಡೀತೀಯೇನಪ್ಪ? ಮೊದಲು ಅವನ್ನ ತಂದು ನನ್ನ ಹಾಗೆ ಮಿಕ್ಕಿದ್ದರಲ್ಲೇ ಒಂದು ತಿಂಗಳು ಸಾಕಿ ತೋರಿಸು. ಆಮೇಲೆ ಉಳು, ನಾನು ಅಡ್ಡ ಬರಲ್ಲ. ಆಗದಿದ್ರೆ ಹುಲ್ಲಿನ ಮಾತು ಎತ್ತಬೇಡ."

"ಕಸ ಎತ್ತೋದೂ ಒಂದು ವಿದ್ಯೆನಾ ಅತ್ತಿಗೆ?" ಎಂದು ನಕ್ಕು ಮೈದುನ ಎರಡು ಹಸು ತಂದು ತನ್ನ ಮನೆಯ ಹಿಂದೆ ಕಟ್ಟಿದ.

ಪೇಟೆಗೆ ಹೋಗಿ ನೋಡಿದರೆ ಸಿಪ್ಪೆಯೆಲ್ಲ ಅತ್ತಿಗೆಯ ಪಾಲು. ಹೆಚ್ಚಿಗೆ ಸಿಪ್ಪೆ ಬೇಕಾದರೆ ಹೆಚ್ಚಿಗೆ ಕುಡಿಯುವವರು ಬೇಕು ಎಂದು ಜ್ಯೂಸಿನವನು ಹೇಳಿದ್ದೇ ತಡ, ಅಲ್ಲೇ ಕೂತು ಲೋಟದ ಮೇಲೆ ಲೋಟ ಇಳಿಸಿದ. ಅವನ ಹೊಟ್ಟೆ ಕೆಟ್ಟಿತೇ ಹೊರತು ಹಸುವಿನ ಹೊಟ್ಟೆ ತುಂಬಲಿಲ್ಲ. ಆಮೇಲೆ ಹೊಳೆದದ್ದು ಇನ್ನೂ ಜಾಣತನದ ಉಪಾಯ. ಚೀಲಗಟ್ಟಲೆ ತರಕಾರಿ ಕೊಂಡುತಂದು ಮನೆಮಂದಿಯನ್ನೆಲ್ಲ ಸಿಪ್ಪೆ ಹೆರೆಯಲು ಕೂರಿಸಿದ. ಸ್ವಲ್ಪ ದಪ್ಪಗೆ ಹೆರೆ ಎಂದು ಹೆಂಡತಿಗೆ ಅಪ್ಪಣೆ ಬೇರೆ. ಹೆರೆದೂ ಹೆರೆದೂ ಸೌತೆಕಾಯಿ ಬೆಂಡೆಕಾಯಿಯಷ್ಟಾಯಿತು. ಬೆಳಗ್ಗೆ ಸೌತೆ, ಮಧ್ಯಾಹ್ನ ಸೋರೆ, ಸಂಜೆಗೆ ಬೆಳಗಿನ ಸೌತೆ. ಮಕ್ಕಳು ಊಟದ ಹೊತ್ತಿಗೆ ಗೆಳೆಯರ ಮನೆ ಹುಡುಕತೊಡಗಿದರು.

ಒಂದು ವಾರ ಬಿಟ್ಟು ಅಕ್ಕ ಹಸು ನೋಡುವ ನೆಪದಲ್ಲಿ ಬಂದಳು. ಬುಟ್ಟಿಗೆ ಕೈಹಾಕಿ ಒಂದು ಸಿಪ್ಪೆಯನ್ನು ಬೆಳಕಿಗೆ ಹಿಡಿದಳು.

"ಇದರಲ್ಲಿ ಸಿಪ್ಪೆಗಿಂತ ಸೌತೆಕಾಯಿನೇ ಜಾಸ್ತಿ ಇದೆಯಲ್ಲಪ್ಪ."

"ನಾವೀಗ ತರಕಾರಿ ಜಾಸ್ತಿ ತಿಂತೀವಿ ಅತ್ತಿಗೆ. ಆರೋಗ್ಯಕ್ಕೆ ಒಳ್ಳೇದು."

"ತಿನ್ನಿ, ತಿನ್ನಿ. ನಮ್ಮ ಜಮೀನಿಂದೇ ಅಲ್ವಾ."

ಮೈದುನ ಬೆಪ್ಪಾದ. ಪೇಟೆಯ ಸೌತೆಕಾಯಿ ಎಲ್ಲಿಂದ ಬರುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ. ಯಾವ ತರಕಾರಿಯನ್ನು ಕಿತ್ತೆಸೆಯಲು ಹೊರಟಿದ್ದನೋ ಅದನ್ನೇ ದುಡ್ಡು ಕೊಟ್ಟು ತಂದು ದನಕ್ಕೆ ಹಾಕುತ್ತಿದ್ದ. ಹೆಂಡತಿ ಚಾಕು ಕೆಳಗಿಟ್ಟಳು. "ಇವರಿಗೆ ಹಸು ಬೇಕೋ ನಾನು ಬೇಕೋ ಕೇಳಿ ಅಕ್ಕ. ಇನ್ನೊಂದು ಸೌತೆಕಾಯಿ ನಾನು ಮುಟ್ಟಲ್ಲ."

ಮರುದಿನವೇ ಒಂದು ಹಸು ಮಾರಿದವನ ಮನೆಗೆ ವಾಪಸಾಯಿತು. ಇನ್ನೊಂದನ್ನು ಮೈದುನ ಹಟಕ್ಕೆ ಬಿದ್ದು ಉಳಿಸಿಕೊಂಡ. ಟೈರ್ ಅಂಗಡಿಯ ಹಿಂದೆ ಒಂದು ಹಾಸ್ಟೆಲ್ಲಿತ್ತು. ಅದರ ಅಡುಗೆಯವನು ತರಕಾರಿ ಸಿಪ್ಪೆಯನ್ನೆಲ್ಲ ಚರಂಡಿಗೆ ಸುರಿಯುತ್ತಿದ್ದ. ಸಿಡುಕಿನ ಮನುಷ್ಯ, ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅದು ಹೇಗೋ ಮೈದುನನಿಗೆ ಮಾತ್ರ ದಿನವೂ ಸಿಪ್ಪೆ ಸಿಗತೊಡಗಿತು.

ತಿಂಗಳು ತುಂಬಿದ ದಿನ ಅಕ್ಕ ಬಂದು ಹಸುವಿನ ಪಕ್ಕೆ ಸವರಿ ನೋಡಿದಳು. ಎಲುಬು ಕೈಗೆ ಹತ್ತಲಿಲ್ಲ.

"ಟ್ರ್ಯಾಕ್ಟರಿನವನಿಗೆ ಬೇಡ ಅಂತ ಹೇಳಿಬಿಟ್ಟೆ ಅತ್ತಿಗೆ," ಎಂದ ಮೈದುನ, ಅವಳ ಮುಖ ನೋಡದೆ.

ಅಕ್ಕನಿಗೆ ಉಸಿರು ಬಂದಂತಾಯಿತು. "ಇನ್ನೊಂದು ಹಸುವಿಗಾಗುವಷ್ಟು ಸಿಪ್ಪೆ ಈ ಊರಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ ಕಣಪ್ಪ. ಆ ಅಡುಗೆಯವನು ನನ್ನನ್ನ ಬಾಗಿಲಿಂದಲೇ ಅಟ್ಟಿದ್ದ. ನೀನು ಹೇಗೆ ಒಲಿಸಿದೆ?"

"ಅವನ ಸ್ಕೂಟರಿನ ಟೈರ್ ನೋಡಿದ್ದೀರಾ?" ಎಂದ ಮೈದುನ. "ಎರಡೂ ಹೊಸವು."