ಚೀಟಿಯಲ್ಲಿ ಬರೆಯದ ಕರಿಮಣಿ

೨೦೨೪ರಲ್ಲಿ ನಾನು ಕುಂದಾಪುರದಲ್ಲಿ ಒಂದು ಸಣ್ಣ ಟ್ರಾವೆಲ್ ಆಫೀಸು ನಡೆಸುತ್ತಿದ್ದೆ. ಅದಕ್ಕೂ ಮೊದಲು ಹದಿನಾರು ವರ್ಷ ಸರಕು ಹಡಗಿನಲ್ಲಿ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ ಆಗಿದ್ದೆ. ಪೆರು ದೇಶದ ಬಂದರಿಗೆ ಐದಾರು ಸಲ ಹೋಗಿದ್ದರಿಂದ ಹರಕುಮುರುಕು ಸ್ಪ್ಯಾನಿಷ್ ಬರುತ್ತಿತ್ತು. ನನ್ನ ಮುಂಗೋಪ ಹಡಗಿನಿಂದ ಅಂಟಿದ್ದು ಎಂದು ಮನೆಯವರು ಹೇಳುತ್ತಾರೆ. ಸುಳ್ಳು, ಅದು ಹುಟ್ಟುವಾಗಲೇ ಇತ್ತು.

ಆ ವರ್ಷ ಹಂಗಾರಕಟ್ಟೆಯ ರಾಘವ ಮತ್ತು ಅವರ ಹೆಂಡತಿ ಸುಶೀಲ ಆಫೀಸಿಗೆ ಬಂದರು. ರಾಘವ ದೋಣಿ ಕಟ್ಟುವವರು. ಪೆರುವಿನ ಮೀನುಗಾರಿಕೆ ದೋಣಿಗಳನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಹಟ. ಗುಂಪಿನ ಟೂರು ಬೇಡ, ಬಾವುಟ ಹಿಡಿದವನ ಹಿಂದೆ ಓಡಲು ತಮ್ಮಿಂದಾಗದು ಎಂದರು. "ಭಾಷಿ ಬಪ್ಪೋರ್ ಒಬ್ರ್ ಬೇಕಲ. ನೀವೂ ಬನ್ನಿ," ಎಂದು ನನ್ನನ್ನೂ ಹೊರಡಿಸಿದರು.

ಸ್ವತಂತ್ರವಾಗಿ ಹೋಗುವವರಿಗೆ ನಾನು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡುತ್ತಿದ್ದೆ. ಟ್ಯಾಕ್ಸಿಯನ್ನು ಏರ್‌ಪೋರ್ಟಿನ ಒಳಗೇ ಗೊತ್ತುಮಾಡಿ. ಕಾರಿನ ಗಾಜು ಇಳಿಸಬೇಡಿ, ಮೊಬೈಲು ಕೈಯಲ್ಲಿ ಹಿಡಿಯಬೇಡಿ. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಚೀಲದಲ್ಲಿರಲಿ. ಕುಸ್ಕೊ ಊರು ಮೂರು ಸಾವಿರದ ನಾನೂರು ಮೀಟರ್ ಎತ್ತರದಲ್ಲಿದೆ, ಉಸಿರು ಕಟ್ಟುತ್ತದೆ, ಮೊದಲ ದಿನ ಸುಮ್ಮನೆ ಮಲಗಿ. ಯಾರಾದರೂ ಆಯುಧ ತೋರಿಸಿದರೆ ಕೇಳಿದ್ದು ಕೊಟ್ಟು ತಲೆ ತಗ್ಗಿಸಿ. "ಮೈಮೇಲೆ ಚಿನ್ನ ಇರಕೂಡದು" ಎಂಬುದಕ್ಕೆ ಮೂರು ಗೆರೆ ಎಳೆದಿದ್ದೆ.

ಸುಶೀಲ ಬಳೆ, ಬೆಂಡೋಲೆ, ಮೂಗುತಿ ಎಲ್ಲ ಬಿಚ್ಚಿ ಲಾಕರಿಗೆ ಹಾಕಿ ಬಂದರು. ನಾನು ಚೀಟಿಯಲ್ಲಿ ಸರಿ ಗುರುತು ಹಾಕಿದೆ. ಚಿನ್ನದ ಸರಿಗೆಯಲ್ಲಿ ಪೋಣಿಸಿದ ಕರಿಮಣಿ ಅವರ ಕೊರಳಲ್ಲೇ ಇತ್ತು. ನಾನು ಕಂಡಿದ್ದೆ. ನಮ್ಮೂರಲ್ಲಿ ಕರಿಮಣಿಯನ್ನು ಒಡವೆಯ ಲೆಕ್ಕಕ್ಕೆ ಹಿಡಿಯುವವರು ಯಾರು? ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಲಿಮಾದಲ್ಲಿ ಇಳಿದದ್ದು ಮಧ್ಯಾಹ್ನ. ಒಳಗೇ ಗೊತ್ತುಮಾಡಿದ ಟ್ಯಾಕ್ಸಿ, ಚಾಲಕ ವಯಸ್ಸಾದ ಮನುಷ್ಯ. ನಾನು ಮುಂದೆ ಕೂತಿದ್ದೆ, ದಂಪತಿ ಹಿಂದೆ. ಬಂದರಿನ ಕಡೆಯಿಂದ ಮೀನಿನ ವಾಸನೆ ಬಂತು. ಎರಡು ದಿನ ವಿಮಾನದಲ್ಲಿ ಬಾಡಿದ್ದ ಸುಶೀಲರ ಮುಖ ಅರಳಿತು. ಅವರು ಗಾಜು ಇಳಿಸಿದರು. ಅಷ್ಟರಲ್ಲಿ ಸಿಗ್ನಲ್ ಬಿತ್ತು.

ಬೈಕಿನಲ್ಲಿ ಇಬ್ಬರು ಪಕ್ಕಕ್ಕೆ ಬಂದು ನಿಂತರು. ಹಿಂದೆ ಕೂತವನು ಕಿಟಕಿಯೊಳಗೆ ಕೈ ಹಾಕಿ ಸರ ಎಳೆದ. ಸುಶೀಲ ಎರಡೂ ಕೈಯಲ್ಲಿ ಅದನ್ನು ಹಿಡಿದರು. ಅವನು ಅವರ ಮುಖಕ್ಕೆ ಗುದ್ದಿದ, ಅವರು ಬಿಡಲಿಲ್ಲ. ಇನ್ನೊಮ್ಮೆ ಗುದ್ದಿದ. ನನಗೆ ಸಿಟ್ಟು ನೆತ್ತಿಗೇರಿತು. ನಾನೇ ಬರೆದ ಚೀಟಿ ಮರೆತು ಬಾಗಿಲು ಒದ್ದು ಇಳಿದೆ, ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಅವನು ಸೊಂಟದಿಂದ ಪಿಸ್ತೂಲು ತೆಗೆದು ಅದರ ಹಿಡಿಯಿಂದ ನನ್ನ ದವಡೆಗೆ ಬಾರಿಸಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ನನ್ನ ಶೌರ್ಯದಿಂದ ಆದ ಲಾಭವೆಂದರೆ ಅದುವರೆಗೆ ಸೊಂಟದಲ್ಲಿದ್ದ ಪಿಸ್ತೂಲು ಈಗ ಕಿಟಕಿಯೊಳಗೆ ರಾಘವರ ಹಣೆಗೆ ಬಂದದ್ದು.

"ಸರ ಕೊಡು, ಇಲ್ಲವಾದರೆ ಇವನನ್ನು ಕೊಲ್ಲುತ್ತೇನೆ," ಎಂದು ಅವನು ಕಿರುಚಿದ. ನಾನು ರಸ್ತೆಯಲ್ಲಿ ಮಂಡಿಯೂರಿ ರಕ್ತ ಉಗಿಯುತ್ತಾ ಅದನ್ನು ಕನ್ನಡದಲ್ಲಿ ಹೇಳಿದೆ.

"ಬಿಡ್ ಮಾರಾಯ್ತಿ," ಎಂದರು ರಾಘವ.

"ನೀವ್ ಬದ್ಕಿಪ್ಪತಿಗೆ ನಾ ಇದ್ನ್ ತೆಗಿತಿಲ್ಲೆ," ಎಂದರು ಸುಶೀಲ.

ಗಂಡನ ಆಯುಷ್ಯಕ್ಕೆಂದು ಧರಿಸಿದ್ದನ್ನು ಬಿಡಲಾರದೆ ಆ ಹೆಂಗಸು ಗಂಡನನ್ನೇ ಕಳೆದುಕೊಳ್ಳುವುದರಲ್ಲಿದ್ದರು. ಅವನ ಬೆರಳು ಪಿಸ್ತೂಲಿನ ಕುದುರೆಯ ಮೇಲಿತ್ತು. ಆಗ ರಾಘವ ಹೆಂಡತಿಯ ಕತ್ತಿನ ಹಿಂದೆ ಕೈ ಹಾಕಿ ಸರವನ್ನು ಮುಷ್ಟಿಗೆ ಸುತ್ತಿ ಎಳೆದರು. ಹರಿಯಲಿಲ್ಲ. ಮರ ಕೊರೆದು ಬಲಿತ ಕೈ ಅದು. ಎರಡನೆಯ ಸಲ ಮೈಯ ಬಲವೆಲ್ಲ ಹಾಕಿ ಎಳೆದರು. ಸುಶೀಲ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಹರಿದ ಸರ ಕಿಟಕಿಯಿಂದಾಚೆ ಬಿತ್ತು, ಅವನು ಅದನ್ನು ಹೆಕ್ಕಿಕೊಂಡ, ಬೈಕು ಹೋಯಿತು.

ಆಸ್ಪತ್ರೆಯಲ್ಲಿ ಸುಶೀಲರ ಕತ್ತಿಗೆ ಏಳು ಹೊಲಿಗೆ ಬಿದ್ದವು. ಎಂಥ ಚೂರಿಯಿಂದ ಕೊಯ್ದರು ಎಂದು ಡಾಕ್ಟರ್ ಕೇಳಿದರು. ನಾನು ಅನುವಾದಿಸಿದೆ.

"ಚೂರಿ ಅಲ್ಲ ಅಂದೇಳಿ ಹೇಳಿ," ಎಂದರು ರಾಘವ. "ನನ್ ಕೈ."

ಸುಶೀಲ ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಟ್ಯಾಕ್ಸಿ ಚಾಲಕ ಸೀಟಿನ ಸಂದಿಯಲ್ಲಿ ಸಿಕ್ಕಿದ ಕರಿಮಣಿಗಳನ್ನು ಕಾಗದದ ಲೋಟದಲ್ಲಿ ತಂದು ಕೊಟ್ಟ. ಅದನ್ನು ಎದೆಯ ಮೇಲಿಟ್ಟುಕೊಂಡು ಅವರು ಮೊದಲ ಸಲ ಬಾಯಿಬಿಟ್ಟದ್ದು ನನ್ನೊಡನೆ. "ಹ್ವಾಯ್, ನಿಮ್ ಚೀಟಿಯೊಳ್ಗೆ ಕರಿಮಣಿ ಅಂದೇಳಿ ಎಲ್ಲಿತ್ತ್?"

ನಾಚಿಕೆಯಾದಾಗ ನನಗೆ ಸಿಟ್ಟೇ ಬರುವುದು. "ಬರೆದಿದ್ರೆ ನೀವ್ ತೆಗಿತಿದ್ರ್ಯಾ?" ಎಂದೆ.

ಅವರು ಲೋಟದ ಮಣಿಗಳನ್ನು ಅಂಗೈಗೆ ಸುರಿದುಕೊಂಡರು. "ಚಿನ್ನ ಮನಿಯಂಗೆ ಇಟ್ಟ್, ಬರೀ ಮಣಿ ನೂಲಂಗೆ ಪೋಣ್ಸ್ಕಂಡ್ ಬತ್ತಿದ್ದೆ."

ಎಷ್ಟು ಸುಲಭದ ಮಾತು. ನರ್ಸಿನ ಹತ್ತಿರ ದಾರ ಕೇಳಿ ಅವರು ಅಲ್ಲೇ ಮಣಿ ಪೋಣಿಸಿದರು. ಕತ್ತಿಗೆ ಕಟ್ಟುವ ಹಾಗಿರಲಿಲ್ಲ, ಮಣಿಕಟ್ಟನ್ನು ಗಂಡನ ಮುಂದೆ ಚಾಚಿದರು. ರಾಘವ ಗಂಟು ಹಾಕಲಾಗದೆ ಅತ್ತರು.

ಈಗ ನನ್ನ ಚೀಟಿಯ ಮೊದಲ ಸಾಲೇ ಅದು: ಚಿನ್ನದ ಕರಿಮಣಿ ಮನೆಯಲ್ಲಿರಲಿ, ಬರೀ ಮಣಿ ನೂಲಿನಲ್ಲಿ ಪೋಣಿಸಿ ಹಾಕಿಕೊಳ್ಳಿ. ಕಿರಿಮಂಜೇಶ್ವರದ ಒಬ್ಬರು ಇದನ್ನು ಓದಿ ಅಪಶಕುನ ಎಂದು ಎದ್ದು ಹೋದರು. ಹೋಗಲಿ. ದೂರದೇಶದ ಕಳ್ಳರ ಬಗ್ಗೆ ಎಚ್ಚರಿಸುವುದು ಸುಲಭ, ನಮ್ಮವರ ಕೊರಳಲ್ಲಿ ದಿನವೂ ಕಾಣುವುದರ ಬಗ್ಗೆ ಬಾಯಿಬಿಟ್ಟು ಹೇಳುವುದು ಕಷ್ಟ. ನನ್ನ ಕೆಲಸ ಆ ಕಷ್ಟದ್ದು ಎಂದು ನಾನು ತಡವಾಗಿ ಕಲಿತೆ. ಆ ಒಂದು ಸಾಲು ಮೊದಲೇ ಬರೆದಿದ್ದರೆ ರಾಘವ ತಮ್ಮ ಕೈಯಾರೆ ಹೆಂಡತಿಯ ಕತ್ತು ಸೀಳಬೇಕಾಗಿರಲಿಲ್ಲ.