ಜೂಲಿಬಾಯಿಗೆ ನಾನು ಹೇಳಿಕೊಟ್ಟ ಸ್ವೀಡಿಷ್

ಮೊನ್ನೆ ಇಲ್ಲಿ ಗಲ್ಫಿನ ಅಲ್ ರೀಮ್ ಐಲ್ಯಾಂಡಿನಲ್ಲಿ ಗೆಳೆಯನೊಬ್ಬನ ಹೊಸ ಫ್ಲ್ಯಾಟಿಗೆ ಹೋಗಿದ್ದೆ. ಬಾಗಿಲಲ್ಲೇ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಕಪಾಟಿನ ತುಂಡುಗಳು, ಮೇಲೆ ರೈಲಿನಷ್ಟು ಉದ್ದದ ಸ್ವೀಡಿಷ್ ಪದ. ಗೆಳೆಯ ಸ್ಕ್ರೂ ಹುಡುಕುತ್ತಿದ್ದ. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ತೊಡೆಯ ಮೇಲೆ ತಾಳ ಹಾಕತೊಡಗಿತು. ನಾಚಿಕೆಯಾಗಿ ಕೈಯನ್ನು ಜೇಬಿಗೆ ಸೇರಿಸಿದೆ.

ಆ ತಾಳ ನಮ್ಮಜ್ಜನದು. ಹಳಗನ್ನಡ ಓದಿಸುವಾಗ ಗೇಣುದ್ದದ ಸಮಾಸ ಬಂದರೆ, "ಹೆದರ್ಬೇಡ ಮಾಣಿ, ಅಕ್ಷರ ಅಕ್ಷರ ಬಿಡಿಸು" ಎಂದು ನನ್ನ ಮೊಣಕಾಲಿನ ಮೇಲೆ ಹೆಬ್ಬೆರಳು ಕುಟ್ಟುತ್ತಿದ್ದರು. ಹಾಗೆ ಬಿಡಿಸಿದರೆ ಲೋಕದ ಯಾವ ಪದವೂ ನಾಲಿಗೆಗೆ ಒಗ್ಗುತ್ತದೆಂದು ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ, ನೋಡಿ.

ಹಿಂದೆ ನಾನಿದ್ದದ್ದು ಇಲ್ಲೇ ಊರಾಚೆಯ ಬನಿಯಾಸಿನ ಒಂದು ವಿಲ್ಲಾದ ಕೋಣೆಯಲ್ಲಿ. ಗೋಡೆಯಾಚೆ ಕಾರ್ಕಳದ ಕಡೆಯ ನರ್ಸ್ ಜೂಲಿಬಾಯಿ ಮತ್ತು ಅವರ ಮಗ ರೋಶನ್. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಆಗಿನ ಕಾನೂನಿನಂತೆ ಹದಿನೆಂಟು ತುಂಬಿದರೆ ಮಗ ತಾಯಿಯ ವೀಸಾದಲ್ಲಿ ಇರುವಂತಿರಲಿಲ್ಲ. ಊರಿಗೆ ಕಳಿಸೋಣವೆಂದರೆ ಅಲ್ಲಿ ನೋಡಿಕೊಳ್ಳುವವರಿಲ್ಲ. ಸ್ವೀಡನ್ನಿನಲ್ಲಿ ನರ್ಸ್ ಕೆಲಸ ಸಿಕ್ಕಿದರೆ ಇಬ್ಬರೂ ಒಟ್ಟಿಗಿರಬಹುದು. ಅದಕ್ಕೆ ಭಾಷೆಯ ಪರೀಕ್ಷೆ ಪಾಸಾಗಬೇಕು.

ಆ ಪರೀಕ್ಷೆಯ ಪುಸ್ತಕದ ಉದ್ದ ಪದವೊಂದನ್ನು ಜೂಲಿಬಾಯಿ ಕನ್ನಡದಲ್ಲಿ ಬರೆದುಕೊಂಡು ಬಂದಿದ್ದರು: ಉಪ್ಪೆಹೊಲ್ಸ್ಟಿಲ್ಸ್ಟೊಂಡ್.

"ಅಲ್ಲಿ ಇರ್ಲಿಕ್ಕೆ ಪರವಾನಗಿ ಅಂತ ಅರ್ಥ ಮಾಷ್ಟ್ರೆ. ಹೇಳ್ಲಿಕ್ಕೇ ಆಗುದಿಲ್ಲ, ಇನ್ನು ಇರುದು ಹೇಗೆ?"

ನಾನು ಮಾಷ್ಟ್ರಲ್ಲ, ಗೋದಾಮಿನ ಗುಮಾಸ್ತ. ನಾಲ್ಕು ಕನ್ನಡ ಪುಸ್ತಕ ಇಟ್ಟುಕೊಂಡದ್ದಕ್ಕೆ ಸಿಕ್ಕಿದ ಪದವಿ ಅದು. ಆದರೂ ಕೂತೆ. ಪ್ರತಿ ಶುಕ್ರವಾರ ಅವರು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ, ಮೀನು ಸಾರು ಕುದಿಯುವ ಅಡುಗೆಮನೆಯಲ್ಲಿ ನಮ್ಮ ಪಾಠ. ಉಪ್-ಪೆ-ಹೊಲ್-ಸ್ಟಿಲ್-ಸ್ಟೊಂಡ್. ಒಂದೊಂದಕ್ಕೂ ಒಂದೊಂದು ಪೆಟ್ಟು, ಎಲ್ಲಕ್ಕೂ ಸಮ ತೂಕ.

"ಮಮ್ಮಾ, ಯು ಸೌಂಡ್ ಲೈಕ್ ಎ ವಾಷಿಂಗ್ ಮಶೀನ್" ಎಂದ ರೋಶನ್.

"ನೀನು ಸುಮ್ನಿರು. ಮಾಷ್ಟ್ರಿಗೆ ಗೊತ್ತುಂಟು."

ಮಾಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ಒಬ್ಬ ಸ್ವೀಡನ್ನಿನವನ ಮಾತನ್ನೂ ನಾನು ಕೇಳಿದವನಲ್ಲ. ಅವರು ಕಂಪ್ಯೂಟರಿನಲ್ಲಿ ಆ ಭಾಷೆಯ ಧ್ವನಿ ಹಾಕಲು ಹೊರಟಾಗ, "ಅದೆಲ್ಲ ಮತ್ತೆ. ಮೊದ್ಲು ಬುನಾದಿ ಗಟ್ಟಿಯಾಗ್ಲಿ" ಎಂದು ತಡೆದದ್ದೂ ನಾನೇ.

ಬರವಣಿಗೆ ಪಾಸಾಯಿತು, ಮಾತು ಫೇಲಾಯಿತು. ಪರೀಕ್ಷಕಿ ಮೂರು ಸಲ ಕೇಳಿ, ಅರ್ಥವಾಗದೆ, ಕೊನೆಗೆ ಪದವನ್ನು ತಾನೇ ಹೇಳಿ ತೋರಿಸಿದಳಂತೆ.

"ಅವ್ಳು ಕುಟ್ಟುದೇ ಇಲ್ಲ ಮಾಷ್ಟ್ರೆ. ಸುರುವಿಗೆ ಒಂದು ಒತ್ತು, ಮತ್ತೆ ಇಳ್ದು, ಕಡೆಗೆ ಪುನಃ ಸ್ವಲ್ಪ ಏಳ್ತದೆ. 'ಹೊಲ್' ಆದ್ಮೇಲೆ ಆ 'ಸ್' ಉಂಟಲ್ಲ, ಅದು ಹಿಂದಿನದ್ದಕ್ಕೆ ಸೇರುದಂತೆ, ಮುಂದಿನದ್ದಕ್ಕಲ್ಲ."

ಕನ್ನಡದಲ್ಲಿ ಬರೆದಾಗ ಸಕಾರದ ಕೆಳಗೆ ಟಕಾರ ಒತ್ತಾಗಿ ಕೂತಿತ್ತು; ನಾನು ಅದನ್ನೇ ಕುಟ್ಟಿ ಗಟ್ಟಿ ಮಾಡಿದ್ದೆ. ಅವರು ನನ್ನನ್ನು ದೂರಲಿಲ್ಲ. ಪಾಠ ಒಪ್ಪಿಸಿದಂತೆ ಹೇಳಿ ಒಳಗೆ ಹೋದರು. ಮುಂದಿನ ಪರೀಕ್ಷೆಗೆ ಆರು ತಿಂಗಳಿತ್ತು. ರೋಶನನಿಗೆ ಹದಿನೆಂಟು ತುಂಬಲು ಎರಡು. ಅವನನ್ನು ಮಂಗಳೂರಿನ ಹಾಸ್ಟೆಲಿನಲ್ಲಿ ಬಿಟ್ಟು ಬಂದ ಮೇಲೆ ಜೂಲಿಬಾಯಿ ಆ ಪುಸ್ತಕ ತೆರೆಯಲಿಲ್ಲ.

ಮೊನ್ನೆ ಗೆಳೆಯನ ಮನೆಯಿಂದ ಇಳಿದವನು ಪಾರ್ಕಿಂಗಿನಲ್ಲೇ ನಿಂತು ಅವರಿಗೆ ಫೋನ್ ಮಾಡಿದೆ.

"ನಂಗೆ ಆ ಭಾಷೆ ಗೊತ್ತೇ ಇರ್ಲಿಲ್ಲ ಜೂಲಿಬಾಯಿ. ಸರಿಯಾಗಿ ಕೇಳ್ಲಿಕ್ಕೆ ಹೊರಟವರನ್ನೂ ತಡೆದೆ."

ಅತ್ತ ಆಸ್ಪತ್ರೆಯ ಟ್ರಾಲಿ ಉರುಳುತ್ತಿತ್ತು.

"ಹೌದಾ" ಎಂದರು. ಮತ್ತೆ, "ರೋಶನ್ ಬರ್ತಾ ಇದ್ದಾನೆ. ವಿಸಿಟ್ ವೀಸಾ. ಮೂವತ್ತು ದಿನ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕ್ಷಮೆ ಬೇಡಲಿಲ್ಲ. ಮೂವತ್ತು ದಿನವನ್ನು ಹೇಗೆ ಹಿಗ್ಗಿಸಬಹುದೆಂದು ಒಂದೆರಡು ಉಪಾಯ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡು, ಅವರು ಫೋನ್ ಇಡುವವರೆಗೆ ಅವರ ಮಾತನ್ನೇ ಕೇಳುತ್ತ ನಿಂತೆ.